ಹದಿನೈದು ನಿಮಿಷಗಳ ಆಚೆಗೆ: ಮಿನ್ನೆಸೋಟದ ಒಂದನೆಯ ರೆಜಿಮೆಂಟ್

ಮಿಸಿಸಿಪ್ಪಿ ಮತ್ತು ಮಿನ್ನೆಸೋಟ ನದಿಗಳು ಕೂಡುವ ಕಡೆ, ದಂಡೆಯ ಕಡಿದಾದ ಬಂಡೆಯ ಮೇಲೆ, ಸುಣ್ಣಕಲ್ಲಿನಲ್ಲಿ ಕಟ್ಟಿದ ಫೋರ್ಟ್ ಸ್ನೆಲಿಂಗ್ ಎಂಬ ಹಳೆಯ ಕೋಟೆಯಿದೆ. ಸೇಂಟ್ ಪಾಲ್ ನಗರಕ್ಕೆ ಬಂದು ನೆಲೆಸಿದ ಮೊದಲ ವರ್ಷಗಳಲ್ಲಿ ಅದು ನನಗೆ ವಿಮಾನ ನಿಲ್ದಾಣದ ದಾರಿಯಲ್ಲಿ ಕಾಣುವ ಒಂದು ಗುರುತು ಮಾತ್ರವಾಗಿತ್ತು. ಅಪ್ಪ ಊರಿನಿಂದ ಬಂದಿದ್ದಾಗ, ಮನೆಯಲ್ಲಿ ಕುಳಿತು ಬೇಸರಗೊಂಡಿದ್ದ ಅವರನ್ನು ಒಂದು ಭಾನುವಾರ ಅಲ್ಲಿಗೆ ಕರೆದುಕೊಂಡು ಹೋದೆ. ಶಿಕಾರಿಪುರದ ಕಡೆಯವರಾದ ಅವರು, ದಾರಿಬದಿಯಲ್ಲಿ ಒಂದು ವೀರಗಲ್ಲು ಕಂಡರೂ ಬಸ್ಸು ತಪ್ಪಿಸಿಕೊಂಡು ನಿಂತು ಓದುವ ಜಾತಿಯವರು. ನದಿಗಳು ಕೂಡುವುದನ್ನು ಮೇಲಿನಿಂದ ನೋಡಿ, "ನಮ್ಮ ಕೂಡಲಿಯ ಹಾಗೇ ಇದೆಯಲ್ಲ" ಎಂದರು. ಆಮೇಲೆ, 1861ರಲ್ಲಿ ಇದೇ ಕೋಟೆಯಲ್ಲಿ ಸೇರಿ ಅಮೆರಿಕದ ಅಂತರ್ಯುದ್ಧಕ್ಕೆ ಹೋದ ಸ್ವಯಂಸೇವಕ ಕಾಲ್ದಳದ, ಅಂದರೆ ಮಿನ್ನೆಸೋಟದ ಒಂದನೆಯ ರೆಜಿಮೆಂಟಿನ, ಕಥೆಯನ್ನು ನಾನು ನನಗೆ ತಿಳಿದಷ್ಟು ಹೇಳಿದಾಗ, ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲ ಮಾರಾಯ, ಇವರು ಯಾರ ಜೋಳ ಉಂಡಿದ್ದರು?"

ಜೋಳವಾಳಿ ಎಂಬುದು ನಮ್ಮ ಶಾಸನಗಳ ಮಾತು. ಒಡೆಯನ ಜೋಳ ಉಂಡವನು ಆ ಋಣಕ್ಕಾಗಿ ಪ್ರಾಣ ಕೊಡುವುದು ಅದರ ಅರ್ಥ. ಅಪ್ಪನ ಪ್ರಶ್ನೆಗೆ ಅಂದು ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಉತ್ತರ ಹುಡುಕುತ್ತ ಎರಡು ಚಳಿಗಾಲ ಓದಿದ ಮೇಲೆ, ನಾನು ಅವರಿಗೆ ಹೇಳಿದ ಕಥೆಯೇ ಅರ್ಧದ್ದು ಎಂದು ಗೊತ್ತಾಯಿತು. ಎಲ್ಲರೂ ಹೇಳುವುದೂ ಆ ಅರ್ಧವನ್ನೇ. 1863ರ ಜುಲೈ 2ರ ಸಂಜೆ ಪೆನ್ಸಿಲ್ವೇನಿಯದ ಗೆಟಿಸ್‌ಬರ್ಗ್‌ನಲ್ಲಿ ನಡೆದ ಹದಿನೈದು ನಿಮಿಷಗಳ ದಾಳಿಯಲ್ಲಿ 262 ಜನ ಇಳಿದು 47 ಜನ ಉಳಿದರು ಎಂಬಲ್ಲಿಗೆ ಆ ಕಥೆ ಮುಗಿದುಬಿಡುತ್ತದೆ.

ಮಿನ್ನೆಸೋಟ ಆಗ ರಾಜ್ಯವಾಗಿ ಮೂರು ವರ್ಷವೂ ತುಂಬಿರಲಿಲ್ಲ. 1860ರ ಜನಗಣತಿಯಲ್ಲಿ ಅದರ ಜನಸಂಖ್ಯೆ 1,72,023. ರಾಜ್ಯದಲ್ಲಿ ಒಂದು ರೈಲೂ ಓಡುತ್ತಿರಲಿಲ್ಲ. 1861ರ ಏಪ್ರಿಲ್ 12ರಂದು ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದೇಶದಿಂದ ಬೇರೆಯಾದ ದಕ್ಷಿಣದ ರಾಜ್ಯಗಳವರು ಫೋರ್ಟ್ ಸಮ್ಟರ್ ಎಂಬ ಕೋಟೆಯ ಮೇಲೆ ಫಿರಂಗಿ ಹಾರಿಸಿ ಅಂತರ್ಯುದ್ಧ ಆರಂಭವಾದಾಗ, ರಾಜ್ಯಪಾಲ ಅಲೆಕ್ಸಾಂಡರ್ ರಾಮ್ಸೆ ಬೇರೆ ಕೆಲಸದ ಮೇಲೆ ವಾಷಿಂಗ್ಟನ್‌ನಲ್ಲಿದ್ದರು. ಏಪ್ರಿಲ್ 14ರಂದು ಅವರು ಯುದ್ಧ ಕಾರ್ಯದರ್ಶಿ ಸೈಮನ್ ಕ್ಯಾಮರನ್ ಅವರಲ್ಲಿಗೆ ಹೋಗಿ, ತಮ್ಮ ರಾಜ್ಯದಿಂದ 1,000 ಜನರನ್ನು ಕೊಡುವುದಾಗಿ ಹೇಳಿದರು. 75,000 ಜನ ಬೇಕೆಂದು ಅಧ್ಯಕ್ಷ ಲಿಂಕನ್ ಕರೆ ಕೊಟ್ಟದ್ದು ಮರುದಿನ. ಹೀಗೆ, ಎಲ್ಲರಿಗಿಂತ ಮೊದಲು ಜನ ಕೊಡುತ್ತೇನೆಂದ ರಾಜ್ಯ ಎಂಬ ಹೆಸರು, ರಾಜಧಾನಿಯಿಂದ ಅಷ್ಟು ದೂರದಲ್ಲಿದ್ದ ಈ ಹೊಸ ರಾಜ್ಯಕ್ಕೆ ಬಂದಿತು. ರಾಜ್ಯಪಾಲರು ಆ ದಿನ ಆ ಊರಿನಲ್ಲಿದ್ದುದು ಕಾಕತಾಳೀಯ. ಆದರೆ ಅವರ ಮಾತನ್ನು ಊರಿನವರು ಎರಡೇ ವಾರದಲ್ಲಿ ನಡೆಸಿಕೊಟ್ಟದ್ದು ಕಾಕತಾಳೀಯವಲ್ಲ.

ಏಪ್ರಿಲ್ 29ರಂದು ಫೋರ್ಟ್ ಸ್ನೆಲಿಂಗ್‌ನಲ್ಲಿ ರೆಜಿಮೆಂಟ್ ರೂಪುಗೊಂಡಿತು. ಸ್ವಯಂಸೇವಕ ರೆಜಿಮೆಂಟ್ ಎಂದರೆ ಏನೆಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಕಾಯಂ ಸೈನ್ಯ ಆಗ ತೀರ ಚಿಕ್ಕದು. ಯುದ್ಧದ ಭಾರವನ್ನು ಹೊತ್ತದ್ದು ರಾಜ್ಯಗಳು ಕಟ್ಟಿ ಕೇಂದ್ರಕ್ಕೆ ಒಪ್ಪಿಸಿದ ರೆಜಿಮೆಂಟುಗಳು. ಒಂದು ರೆಜಿಮೆಂಟಿಗೆ ಹತ್ತು ಕಂಪನಿ, ಒಂದು ಕಂಪನಿಗೆ ಹೆಚ್ಚುಕಡಿಮೆ ನೂರು ಜನ. ಕಂಪನಿಗಳು ಊರಿನ ಲೆಕ್ಕದಲ್ಲಿ ಹುಟ್ಟುತ್ತಿದ್ದವು. ಎ ಮತ್ತು ಸಿ ಕಂಪನಿಗಳು ಸೇಂಟ್ ಪಾಲ್‌ನವು, ಬಿ ಸ್ಟಿಲ್‌ವಾಟರ್‌ನದು, ಡಿ ಮಿನಿಯಾಪೊಲಿಸ್‌ನದು, ಎಫ್ ರೆಡ್ ವಿಂಗ್‌ನದು, ಕೆ ವಿನೋನದ್ದು. ಮರ ಕಡಿಯುವವರು, ಹೊಲದ ಕೆಲಸದವರು, ಗುಮಾಸ್ತರು, ಶಾಲೆಯ ಮೇಷ್ಟ್ರುಗಳು ತಮ್ಮ ಊರಿನ ವಕೀಲನನ್ನೋ ಪತ್ರಿಕೆಯ ಸಂಪಾದಕನನ್ನೋ ಕ್ಯಾಪ್ಟನ್ ಎಂದು ಆರಿಸಿಕೊಂಡು ಸಾಲಿನಲ್ಲಿ ನಿಂತರು. ಪಕ್ಕದಲ್ಲಿ ನಿಂತವನು ಪಕ್ಕದ ಮನೆಯವನೇ ಆಗಿರುತ್ತಿದ್ದ. ಓಡಿಹೋದವನ ಸುದ್ದಿ ಅವನ ತಾಯಿಗೆ ಅಂಚೆಯಲ್ಲಿ ತಲುಪುತ್ತಿತ್ತು. ತಿಂಗಳಿಗೆ 13 ಡಾಲರ್ ಸಂಬಳವಿತ್ತು, ಆದರೆ ಈ ಜನರನ್ನು ಹಿಡಿದು ನಿಲ್ಲಿಸಿದ ಋಣ ಬಹುಮಟ್ಟಿಗೆ ಊರಿನದು ಎಂದು ನನಗೆ ಅನ್ನಿಸುತ್ತದೆ.

ಮೊದಲು ಅವರು ಬರೆದುಕೊಟ್ಟದ್ದು ಮೂರು ತಿಂಗಳಿಗೆ. ಮೇ ತಿಂಗಳಿನಲ್ಲಿ, ಮೂರು ವರ್ಷಕ್ಕೆ ಬರೆದುಕೊಡಬೇಕು ಎಂಬ ಮಾತು ಬಂದಿತು. ಕೆಲವರು ಒಲ್ಲೆನೆಂದು ಮನೆಗೆ ಮರಳಿದರು, ಅವರ ಜಾಗಕ್ಕೆ ಬೇರೆಯವರು ಬಂದರು, ಹೆಚ್ಚಿನವರು ಮತ್ತೊಮ್ಮೆ ಸಹಿ ಹಾಕಿದರು. ಜೂನ್ 22ರಂದು ಉಗಿದೋಣಿಗಳಲ್ಲಿ ಮಿಸಿಸಿಪ್ಪಿಯ ಮೇಲೆ ಹೊರಟು, ಕೆಳಗಿನ ಊರುಗಳಲ್ಲಿ ರೈಲು ಹಿಡಿದು, ಪೂರ್ವಕ್ಕೆ ಹೋದರು.

ಅವರು ಬಿಟ್ಟುಹೋದ ಕೋಟೆಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಡ್ರೆಡ್ ಸ್ಕಾಟ್ ಎಂಬ ಗುಲಾಮನನ್ನು ಸೈನ್ಯದ ವೈದ್ಯನೊಬ್ಬ 1836ರಲ್ಲಿ ಕರೆತಂದು ಇರಿಸಿಕೊಂಡದ್ದು ಇದೇ ಕೋಟೆಯಲ್ಲಿ. ಗುಲಾಮಗಿರಿ ನಿಷಿದ್ಧವಾಗಿದ್ದ ನೆಲದಲ್ಲಿ ಬಾಳಿದ ನಾನು ಸ್ವತಂತ್ರನಲ್ಲವೆ ಎಂದು ಅವನು ಹೂಡಿದ ಮೊಕದ್ದಮೆಯನ್ನು 1857ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು ಯುದ್ಧಕ್ಕೆ ಹಾದಿ ಮಾಡಿದ ಕಾರಣಗಳಲ್ಲೊಂದು. ಇನ್ನೊಂದು, ರೆಜಿಮೆಂಟ್ ಪೂರ್ವದಲ್ಲಿ ಕಾದುತ್ತಿದ್ದ 1862ರ ಆಗಸ್ಟ್‌ನಲ್ಲಿ, ಕೊಡಬೇಕಾದ ಹಣ ಮತ್ತು ಧಾನ್ಯ ಸಿಗದೆ ಹಸಿದಿದ್ದ ಡಕೋಟ ಜನರಲ್ಲಿ ಒಂದು ಪಾಲು ತಿರುಗಿಬಿದ್ದು ಮಿನ್ನೆಸೋಟದಲ್ಲೇ ಯುದ್ಧವಾಯಿತು. ಡಿಸೆಂಬರ್ 26ರಂದು ಮ್ಯಾಂಕೇಟೊದಲ್ಲಿ 38 ಡಕೋಟ ಗಂಡಸರನ್ನು ಒಂದೇ ಬಾರಿಗೆ ಗಲ್ಲಿಗೇರಿಸಲಾಯಿತು. ಸುಮಾರು 1,600 ಹೆಂಗಸರು, ಮಕ್ಕಳು, ಮುದುಕರನ್ನು ಇದೇ ಕೋಟೆಯ ಕೆಳಗಿನ ನದೀಬಯಲಿನಲ್ಲಿ ಬೇಲಿ ಹಾಕಿ ಆ ಚಳಿಗಾಲವೆಲ್ಲ ಕೂಡಿಹಾಕಲಾಯಿತು. ಡಕೋಟ ಜನರಿಗೆ ಆ ಸಂಗಮ ಪವಿತ್ರ ಕ್ಷೇತ್ರ. ಅಪ್ಪ ಕೂಡಲಿಯನ್ನು ನೆನೆದದ್ದು ಆ ಬಯಲನ್ನು ನೋಡಿಕೊಂಡೇ.

ರೆಜಿಮೆಂಟಿನ ಮೊದಲ ಕಾಳಗ 1861ರ ಜುಲೈ 21ರಂದು, ವರ್ಜೀನಿಯದ ಬುಲ್ ರನ್‌ನಲ್ಲಿ. ಎರಡೂ ಕಡೆಯ ಸಮವಸ್ತ್ರಗಳು ಆಗಿನ್ನೂ ನೆಲೆಗೊಂಡಿರಲಿಲ್ಲ. ಉತ್ತರದ ಕೆಲವರು ಬೂದು ಬಣ್ಣದಲ್ಲಿ, ದಕ್ಷಿಣದ ಕೆಲವರು ನೀಲಿಯಲ್ಲಿ ಇದ್ದರು. ಮಿನ್ನೆಸೋಟದವರಿಗೆ ರಾಜ್ಯ ಕೊಟ್ಟದ್ದು ಕೆಂಪು ಉಣ್ಣೆಯ ಅಂಗಿ, ಕಪ್ಪು ಷರಾಯಿ, ಕಪ್ಪು ಟೋಪಿ. ಹೆನ್ರಿ ಹಿಲ್ ಎಂಬ ಗುಡ್ಡದ ಮೇಲೆ ರಿಕೆಟ್ಸ್‌ನ ಫಿರಂಗಿಗಳ ಬದಿಗೆ ಅವರು ಬಂದು ನಿಂತಾಗ, ಎದುರಿಗಿದ್ದವರು ನಮ್ಮವರೋ ಹಗೆಗಳೋ ಎಂದು ತಿಳಿಯದೆ ತಡಕಾಡುವಷ್ಟರಲ್ಲಿ ಗುಂಡುಗಳು ಹಾರಿದವು. ಉತ್ತರದ ಸೈನ್ಯ ಆ ದಿನ ದಿಕ್ಕಾಪಾಲಾಗಿ ವಾಷಿಂಗ್ಟನ್‌ಗೆ ಓಡಿತು. ಈ ರೆಜಿಮೆಂಟ್ ತಕ್ಕಮಟ್ಟಿಗೆ ಸಾಲು ಕಾಯ್ದುಕೊಂಡೇ ಹಿಂದೆ ಸರಿಯಿತೆಂದು ಹೆಸರು ಪಡೆಯಿತು. ಹೋದವರಲ್ಲಿ ಐದರಲ್ಲೊಂದು ಪಾಲು ಸತ್ತರು, ಗಾಯಗೊಂಡರು ಇಲ್ಲವೆ ಸೆರೆಯಾದರು. ಈ ತಾರೀಖನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೇಳಿಕೊಳ್ಳುತ್ತೇನೆ.

1862ರ ವಸಂತದಿಂದ ಬೇಸಿಗೆಯವರೆಗಿನ ವರ್ಜೀನಿಯದ ದಂಡಯಾತ್ರೆಯನ್ನು ಬೇಗ ದಾಟುತ್ತೇನೆ: ಯಾರ್ಕ್‌ಟೌನ್, ಫೇರ್ ಓಕ್ಸ್, ಸ್ಯಾವೇಜ್ ಸ್ಟೇಷನ್, ಮಾಲ್ವರ್ನ್ ಹಿಲ್. ಸೆಪ್ಟೆಂಬರ್ 17ರಂದು ಆ್ಯಂಟೀಟಮ್‌ನಲ್ಲಿ ಅವರು ಜನರಲ್ ಸೆಡ್ಜ್‌ವಿಕ್‌ನ ಡಿವಿಷನ್ (ಹಲವು ರೆಜಿಮೆಂಟುಗಳು ಸೇರಿದ ಪಡೆ) ಜೊತೆ ಒಂದು ಕಾಡಿನೊಳಕ್ಕೆ ಹೋದರು. ಪಕ್ಕದಿಂದ ಎರಗಿದ ದಕ್ಷಿಣದವರ ಗುಂಡಿಗೆ ಆ ಡಿವಿಷನ್ ಅರ್ಧ ಗಂಟೆಯೊಳಗೆ 2,000ಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ಇಡೀ ಯುದ್ಧದ ಲೆಕ್ಕ ತೆಗೆದರೆ, ಗುಂಡಿಗಿಂತ ಹೆಚ್ಚು ಜನರನ್ನು ಕೊಂದದ್ದು ಭೇದಿ, ವಿಷಮಶೀತ ಜ್ವರಗಳಂಥ ಕಾಯಿಲೆಗಳು. ರೆಜಿಮೆಂಟಿನ ಮುಖ್ಯಸ್ಥರಾದ ಕರ್ನಲ್‌ಗಳು ಒಬ್ಬರಾದ ಮೇಲೊಬ್ಬರು ಬದಲಾಗುತ್ತ ಹೋದರು: ಗೋರ್ಮನ್, ಡಾನಾ, ಸಲ್ಲಿ, ಮಾರ್ಗನ್. ಐದನೆಯವರಾಗಿ ಬಂದವರು ವಿಲಿಯಂ ಕಾಲ್ವಿಲ್. ರೆಡ್ ವಿಂಗ್‌ನಲ್ಲಿ ವಕೀಲಿಕೆ ಮಾಡುತ್ತ ಪತ್ರಿಕೆ ನಡೆಸುತ್ತಿದ್ದ, ಆರಡಿಗೂ ಮಿಕ್ಕಿ ಎತ್ತರದ, ಎಫ್ ಕಂಪನಿಯ ಕ್ಯಾಪ್ಟನ್ ಆಗಿ ಮನೆ ಬಿಟ್ಟಿದ್ದ ಮನುಷ್ಯ. ಸಾವಿರ ಜನರ ರೆಜಿಮೆಂಟ್ ಆ ಹೊತ್ತಿಗೆ ಕೆಲವು ನೂರಕ್ಕೆ ಇಳಿದಿತ್ತು.

ಗೆಟಿಸ್‌ಬರ್ಗ್‌ಗೆ ಮೂರು ದಿನ ಮೊದಲು, ಅಂದರೆ 1863ರ ಜೂನ್ 29ರಂದು, ಒಂದು ಸಣ್ಣ ಪ್ರಸಂಗ ನಡೆಯಿತು. ಆ ದಿನದ ನಡಿಗೆ ಮೂವತ್ತು ಮೈಲಿಗೂ ಹೆಚ್ಚು. ದಾರಿಗೆ ಅಡ್ಡವಾಗಿ ಮೊಳಕಾಲುದ್ದ ನೀರಿನ ಹಳ್ಳವೊಂದು ಬಂದಿತು. ಸಾಲು ಒಡೆಯದೆ ನೀರಿಗೆ ಇಳಿದು ದಾಟಬೇಕೆಂದು ಮೇಲಿನ ಆಜ್ಞೆ. ಆದರೆ ಬಹುದೂರ ನಡೆದವರಿಗೆಲ್ಲ ಗೊತ್ತಿರುವ ಹಾಗೆ, ಒದ್ದೆಯಾದ ಕಾಲುಚೀಲ ಇನ್ನೆರಡು ಮೈಲಿಯಲ್ಲಿ ಅಂಗಾಲಿನ ತುಂಬ ಬೊಬ್ಬೆ ಎಬ್ಬಿಸುತ್ತದೆ; ಪಕ್ಕದಲ್ಲಿ ಮರದ ದಿಮ್ಮಿಗಳು ಅಡ್ಡ ಬಿದ್ದಿದ್ದುದನ್ನು ಕಂಡ ಕೆಲವರು ಒಬ್ಬರ ಹಿಂದೆ ಒಬ್ಬರು ಅದರ ಮೇಲೆ ನಡೆದು ದಾಟಿದರು. ಹೀಗೆ ಹೊತ್ತು ಕಳೆದದ್ದಕ್ಕಾಗಿ ಮೇಲಧಿಕಾರಿಯೊಬ್ಬರು ಕರ್ನಲ್ ಕಾಲ್ವಿಲ್ ಅವರನ್ನೇ ಬಂಧನದಲ್ಲಿರಿಸಿದರು. ಅಧಿಕಾರ ಕಳೆದುಕೊಂಡ ಕಾಲ್ವಿಲ್ ತಮ್ಮ ರೆಜಿಮೆಂಟಿನ ಜೊತೆ ನಡೆಯುತ್ತ ಬಂದರು. ಜುಲೈ 2ರಂದು ಕಾಳಗ ಎದುರಾದಾಗ ಅಧಿಕಾರವನ್ನು ಮರಳಿ ಪಡೆದರು. ನನಗೆ ಈ ಪ್ರಸಂಗ ಮುಂದಿನ ದಾಳಿಯಷ್ಟೇ ಮುಖ್ಯವಾಗಿ ಕಾಣುತ್ತದೆ. ಸಾಯಲು ಹೆದರದವರು ಎಂದು ನಾವು ಕರೆಯುವ ಇದೇ ಜನ, ಅದಕ್ಕೆ ಮೂರು ದಿನ ಮೊದಲು ಕಾಲು ಒದ್ದೆಯಾಗದಿರಲೆಂದು ಆಜ್ಞೆ ಮೀರಿದ್ದರು.

ಇನ್ನು ಆ ಸಂಜೆ. ಉತ್ತರದ ಸೈನ್ಯ ಸೆಮಿಟರಿ ರಿಡ್ಜ್ ಎಂಬ ಉದ್ದನೆಯ ದಿಬ್ಬದ ಮೇಲೆ ನಿಂತಿತ್ತು. ಜನರಲ್ ಸಿಕಲ್ಸ್ ತಮ್ಮ ಕೋರ್ ಅನ್ನು (ಹಲವು ಡಿವಿಷನ್‌ಗಳ ದೊಡ್ಡ ಪಡೆ) ಅಪ್ಪಣೆಯಿಲ್ಲದೆ ಅರ್ಧ ಮೈಲಿಗೂ ಮುಂದಕ್ಕೆ ಒಯ್ದಿದ್ದರಿಂದ ದಿಬ್ಬದ ಒಂದು ಭಾಗ ಬರಿದಾಗಿತ್ತು. ಅವರ ಕೋರ್ ಏಟು ತಿಂದು ಚದುರಿ ಹಿಂದಕ್ಕೆ ಬರತೊಡಗಿದಾಗ, ಅದರ ಬೆನ್ನಟ್ಟಿ ದಕ್ಷಿಣದ ಜನರಲ್ ವಿಲ್‌ಕಾಕ್ಸ್‌ನ ಅಲಬಾಮ ಬ್ರಿಗೇಡ್ ಆ ಬಿರುಕಿನ ಕಡೆಗೇ ಬಂದಿತು. ಬೆಳಿಗ್ಗೆ ಅದರ ಬಲ ಸುಮಾರು 1,700. ಅಲ್ಲಿ ಒಂದು ಫಿರಂಗಿ ಪಡೆಗೆ ಕಾವಲಾಗಿ ನಿಂತಿದ್ದದ್ದು ಮಿನ್ನೆಸೋಟದ ಎಂಟು ಕಂಪನಿ ಮಾತ್ರ. ಸಿ ಮತ್ತು ಎಫ್ ಕಂಪನಿಗಳು ಬೇರೆ ಕೆಲಸದ ಮೇಲಿದ್ದವು. ಕುದುರೆಯ ಮೇಲೆ ಬಂದ ಜನರಲ್ ಹ್ಯಾನ್‌ಕಾಕ್, ಇರುವವರು ಇಷ್ಟೇ ಜನವೆ ಎಂದು ಉದ್ಗರಿಸಿ, ಇದು ಯಾವ ರೆಜಿಮೆಂಟ್ ಎಂದು ಕೇಳಿ, ಎದುರಿನ ಬಾವುಟಗಳನ್ನು ತೋರಿಸಿ ನುಗ್ಗಲು ಹೇಳಿದರು. ಸಹಾಯದ ಪಡೆಗಳು ಓಡಿಬರುತ್ತಿದ್ದವು; ಅವು ಮುಟ್ಟುವವರೆಗೆ ಐದು ನಿಮಿಷ ಬೇಕಿತ್ತು, ಅದನ್ನು ಹೇಗಾದರೂ ಸಂಪಾದಿಸಬೇಕಾಗಿತ್ತು ಎಂದು ಅವರು ಆಮೇಲೆ ಹೇಳಿದರೆಂದು ದಾಖಲೆಯಿದೆ.

ಅಂದಿನ ಬಂದೂಕನ್ನು ಬಾಯಿಯ ಕಡೆಯಿಂದ ತುಂಬಬೇಕು. ಕಾಗದದ ತೋಟಾವನ್ನು ಹಲ್ಲಿನಿಂದ ಹರಿದು, ಮದ್ದು ಸುರಿದು, ಗುಂಡನ್ನು ಗಜದಿಂದ ಜಡಿದು, ಕೇಪು ಇಟ್ಟು ಹೊಡೆಯಬೇಕು. ಪಳಗಿದವನು ನಿಮಿಷಕ್ಕೆ ಮೂರು ಸಲ ಹೊಡೆದಾನು. ಓಡುತ್ತ ಇದನ್ನು ಮಾಡಲಾಗದು. ಆದ್ದರಿಂದ ಅವರು ಬಯೊನೆಟ್ ಸಿಕ್ಕಿಸಿಕೊಂಡು ಇಳಿಜಾರಿನಲ್ಲಿ ಸುಮಾರು ಮುನ್ನೂರು ಗಜ, ಗುಂಡು ಹಾರಿಸದೆ, ಸಾಲಿನಲ್ಲಿ ಬೀಳುತ್ತಿದ್ದವರ ಜಾಗ ಮುಚ್ಚಿಕೊಳ್ಳುತ್ತ ಓಡಿದರು. ಕೆಳಗೆ ಪ್ಲಮ್ ರನ್ ಎಂಬ ಹಳ್ಳ, ಬಂಡೆ, ಪೊದೆ. ಅಲಬಾಮದವರ ಮುಂಚೂಣಿ ಹಿಂದಕ್ಕೆ ಜಗ್ಗಿತು. ಮಿನ್ನೆಸೋಟದವರು ಹಳ್ಳದ ಮರೆ ಹಿಡಿದು ಮೂರು ಕಡೆಯಿಂದ ಬೀಳುತ್ತಿದ್ದ ಗುಂಡಿನಲ್ಲಿ ನಿಂತರು. ಬಾವುಟ ಹಿಡಿದವರು ಒಬ್ಬರಾದ ಮೇಲೊಬ್ಬರು ಉರುಳಿದರೂ ಬಾವುಟ ಮರಳಿ ಬಂದಿತು. ಕಾಲ್ವಿಲ್ ಹೆಗಲಿಗೂ ಕಾಲಿಗೂ ಗುಂಡು ತಿಂದು ಬಿದ್ದರು. ಹ್ಯಾನ್‌ಕಾಕ್‌ಗೆ ಬೇಕಿದ್ದ ಐದು ನಿಮಿಷದ ಬದಲು ಹತ್ತು ಹದಿನೈದು ನಿಮಿಷ ಸಿಕ್ಕಿತು.

ಇಳಿದವರು 262, ಸತ್ತವರೂ ಗಾಯಗೊಂಡವರೂ ಸೇರಿ ಬಿದ್ದವರು 215, ಉಳಿದವರು 47 ಎಂಬ ಅಂಕಿಗಳು ಇಲ್ಲಿಂದ ಬಂದವು. ಅವುಗಳನ್ನು ನಿಲ್ಲಿಸಿದವರಲ್ಲಿ ಮುಖ್ಯರು ರೆಜಿಮೆಂಟಿನಲ್ಲೇ ಲೆಫ್ಟಿನೆಂಟ್ ಆಗಿದ್ದು, ಮುಂದೆ ನ್ಯಾಯಾಧೀಶರಾದ ವಿಲಿಯಂ ಲಾಕ್ರೆನ್. ಅವರು ಅದನ್ನು ಬರೆದು ಅಚ್ಚು ಮಾಡಿಸಿದ್ದು ಕಾಲು ಶತಮಾನ ಕಳೆದ ಮೇಲೆ. ಸೈನ್ಯದ ಅಧಿಕೃತ ಪಟ್ಟಿ ಜುಲೈ 2 ಮತ್ತು 3 ಎರಡೂ ದಿನಗಳಿಗೆ ಸೇರಿಸಿ ಕೊಡುವ ಬಿದ್ದವರ ಲೆಕ್ಕ 224. ಹಾಜರಿ ಪಟ್ಟಿಗಳನ್ನು ಒಂದೊಂದಾಗಿ ಹೋಲಿಸಿದ ಇತ್ತೀಚಿನ ಸಂಶೋಧಕರು, ದಾಳಿಗೆ ಇಳಿದವರು 262ಕ್ಕಿಂತ ಹೆಚ್ಚಿದ್ದರೆಂದೂ ಬಿದ್ದವರ ಪ್ರಮಾಣ ನೂರಕ್ಕೆ ಎಂಬತ್ತೆರಡಲ್ಲ, ಮೂರರಲ್ಲಿ ಎರಡು ಪಾಲಿನ ಆಸುಪಾಸು ಎಂದೂ ವಾದಿಸುತ್ತಾರೆ. ನನಗೆ ಅವರ ವಾದ ಒಪ್ಪಿಗೆಯಾಗುತ್ತದೆ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಒಬ್ಬ ವೀರನ ಎದುರು ಹಗೆಗಳ ಹಿಂಡನ್ನೇ ಕಂಡರಿಸುವುದನ್ನು ನೋಡಿ ಬೆಳೆದ ನಮಗೆ, ಲೆಕ್ಕ ಹೇಗೆ ಬೆಳೆಯುತ್ತದೆಂಬುದು ಹೊಸದೇನಲ್ಲ. ಮೂರರಲ್ಲಿ ಇಬ್ಬರು ಬಿದ್ದರೂ ಅದು ಸಾಲದೆ?

ಅಂಕಿಗಳ ಬದಲು ನಾನು ಮತ್ತೆ ಮತ್ತೆ ಮರಳುವುದು ಒಂದು ದಿನಚರಿಗೆ. ಇ ಕಂಪನಿಯಲ್ಲಿ ಐಸಾಕ್ ಟೇಲರ್ ಮತ್ತು ಪ್ಯಾಟ್ರಿಕ್ ಹೆನ್ರಿ ಟೇಲರ್ ಎಂಬ ಅಣ್ಣತಮ್ಮಂದಿರಿದ್ದರು. ಐಸಾಕ್ ದಿನವೂ ದಿನಚರಿ ಬರೆಯುತ್ತಿದ್ದ. ಜುಲೈ 2ರ ಬೆಳಿಗ್ಗೆ, ಇದು ಯುದ್ಧದ ಮಹಾಕಾಳಗವಾಗಲಿದೆ, ಅಪ್ಪಣೆಯಿಲ್ಲದೆ ಸಾಲು ಬಿಟ್ಟವನಿಗೆ ಅಲ್ಲೇ ಮರಣದಂಡನೆ ಎಂಬ ಜನರಲ್ ಗಿಬ್ಬನ್‌ರ ಆದೇಶವನ್ನು ಓದಿ ಹೇಳಿದರು ಎಂದು ಅವನು ಬರೆದಿದ್ದಾನೆ. ಅದೇ ಪುಸ್ತಕದಲ್ಲಿ ಮುಂದಿನ ಅಕ್ಷರಗಳು ಬೇರೆಯವರ ಕೈಯವು. ಈ ದಿನಚರಿಯ ಒಡೆಯ ಜುಲೈ 2ರ ಸೂರ್ಯಾಸ್ತದ ಹೊತ್ತಿಗೆ ಸಿಡಿಗುಂಡಿಗೆ ಸಿಕ್ಕಿ ಸತ್ತ, ಅವನ ಮುಖ ಹಗೆಯ ಕಡೆಗಿತ್ತು ಎಂದು ಪ್ಯಾಟ್ರಿಕ್ ಹೆನ್ರಿ ಬರೆದು ಮುಗಿಸಿದ್ದಾನೆ. ಮರುದಿನ ಶವವನ್ನು ಹುಡುಕಿ, ಡೇರೆಯ ಬಟ್ಟೆಯಲ್ಲಿ ಸುತ್ತಿ ಮಣ್ಣು ಮಾಡಿ, ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡುತ್ತಿದ್ದಂಥ ಪದ್ಯವೊಂದರ ನಾಲ್ಕು ಸಾಲನ್ನು ಹಲಗೆಯ ಮೇಲೆ ಬರೆದು ನಿಲ್ಲಿಸಿದ. ಅಪ್ಪನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಲ್ಲಿಗೆ ಪುರುಸೊತ್ತಿರಲಿಲ್ಲ, ಹಲಗೆ ನಿಲ್ಲಿಸಿದ" ಎಂದರು.

ಉಳಿದವರಿಗೆ ಮರುದಿನವೂ ಬಿಡುವಿರಲಿಲ್ಲ. ಜುಲೈ 3ರ ಮಧ್ಯಾಹ್ನ ದಕ್ಷಿಣದ ಜನರಲ್ ಪಿಕೆಟ್‌ನ ದಾಳಿ ಬಂದು ಬಡಿದದ್ದು ಅವರ ಹತ್ತಿರವೇ. ಕಾಲ್ವಿಲ್ ಬಿದ್ದ ಮೇಲೆ ಮುಂದಾಳಾಗಿದ್ದ ಕ್ಯಾಪ್ಟನ್ ನೇತನ್ ಮೆಸಿಕ್ ಸತ್ತರು. ಸಿ ಕಂಪನಿಯ ಮಾರ್ಷಲ್ ಶೆರ್ಮನ್ ಎಂಬ ಸಿಪಾಯಿ 28ನೆಯ ವರ್ಜೀನಿಯ ರೆಜಿಮೆಂಟಿನ ಬಾವುಟವನ್ನು ಕಿತ್ತುಕೊಂಡ. ಅವನಿಗೂ, ಸ್ವಂತ ಬಾವುಟವನ್ನು ಎತ್ತಿ ಮುನ್ನುಗ್ಗಿದ ಹೆನ್ರಿ ಓಬ್ರಿಯನ್‌ಗೂ ಮೆಡಲ್ ಆಫ್ ಆನರ್ ಎಂಬ ಶೌರ್ಯಪದಕ ಬಂದಿತು. ಆ ವರ್ಜೀನಿಯ ಬಾವುಟ ಈಗ ಸೇಂಟ್ ಪಾಲ್‌ನಲ್ಲಿ ಮಿನ್ನೆಸೋಟ ಹಿಸ್ಟಾರಿಕಲ್ ಸೊಸೈಟಿಯ ವಶದಲ್ಲಿದೆ. ವರ್ಜೀನಿಯದವರು ಹಲವು ಸಲ ಮರಳಿ ಕೇಳಿದ್ದಾರೆ, ಪಕ್ಷ ಯಾವುದಾದರೂ ಸರಿ, ಇಲ್ಲಿನ ರಾಜ್ಯಪಾಲರು ಕೊಡುವುದಿಲ್ಲ ಎಂದೇ ಹೇಳುತ್ತ ಬಂದಿದ್ದಾರೆ. ಈ ಹಟಕ್ಕೆ ನನ್ನದೂ ಒಂದು ಮತವಿದೆ.

ಆಗಸ್ಟ್‌ನಲ್ಲಿ ಅವರನ್ನು ನ್ಯೂಯಾರ್ಕ್‌ಗೆ ಕಳುಹಿಸಿದರು. ಕಡ್ಡಾಯ ಸೈನ್ಯಭರ್ತಿಯ ವಿರುದ್ಧ ಜುಲೈಯಲ್ಲಿ ಅಲ್ಲಿ ಭಾರೀ ದಂಗೆಯೆದ್ದು, ಕಪ್ಪು ಜನರ ಕೊಲೆಗಳಾಗಿದ್ದವು. ಸ್ವಂತ ಇಚ್ಛೆಯಿಂದ ಬಂದವರು ಇಚ್ಛೆಯಿಲ್ಲದವರ ಚೀಟಿ ಎತ್ತುವುದಕ್ಕೆ ಕಾವಲು ನಿಂತರು. ಅಕ್ಟೋಬರ್‌ನಲ್ಲಿ ಬ್ರಿಸ್ಟೊ ಸ್ಟೇಷನ್‌ನಲ್ಲಿ ಇನ್ನೊಂದು ಕಾಳಗ. 1864ರ ಫೆಬ್ರುವರಿಯಲ್ಲಿ ವಾಷಿಂಗ್ಟನ್‌ನಲ್ಲಿ ಬೀಳ್ಕೊಡುಗೆಯ ಔತಣವಾಯಿತು. ಇನ್ನೂ ನಡೆಯಲಾರದ ಕಾಲ್ವಿಲ್ ಅವರನ್ನು ಅವರ ಜನರೇ ಹೊತ್ತು ತಂದರು. ಆ ವಸಂತದಲ್ಲಿ ಫೋರ್ಟ್ ಸ್ನೆಲಿಂಗ್‌ನಲ್ಲೇ ರೆಜಿಮೆಂಟಿನ ಅವಧಿ ಮುಗಿಯಿತು. ಕೆಲವರು ಹೊಸ ಬೆಟಾಲಿಯನ್ ಒಂದರಲ್ಲಿ ಮತ್ತೆ ಹೆಸರು ಬರೆಸಿ ಯುದ್ಧ ಮುಗಿಯುವವರೆಗೆ ಕಾದಿದರು.

ಗೆಟಿಸ್‌ಬರ್ಗ್‌ನ ಸ್ಮಶಾನದಲ್ಲಿ 1867ರಲ್ಲೇ ಈ ರೆಜಿಮೆಂಟಿನ ಹೆಸರಿನಲ್ಲಿ ಒಂದು ಕಲಶವಿಟ್ಟರು. ಅಲ್ಲಿ ರೆಜಿಮೆಂಟುಗಳು ಇರಿಸಿದ ಸ್ಮಾರಕಗಳಲ್ಲಿ ಅದೇ ಮೊದಲನೆಯದು. ಓಡುತ್ತಿರುವ ಸಿಪಾಯಿಯ ದೊಡ್ಡ ಪ್ರತಿಮೆ ಬಂದದ್ದು 1897ರಲ್ಲಿ. ಕಾಲ್ವಿಲ್ 1905ರ ಜೂನ್‌ನಲ್ಲಿ, ಹಳೆಯ ಯುದ್ಧಧ್ವಜಗಳನ್ನು ಹೊಸ ಶಾಸನಭವನಕ್ಕೆ ಒಯ್ಯುವ ಮೆರವಣಿಗೆಗೆಂದು ಬಂದಿದ್ದಾಗ, ನಿದ್ದೆಯಲ್ಲಿ ತೀರಿಕೊಂಡರು. ಕ್ಯಾನನ್ ಫಾಲ್ಸ್‌ನಲ್ಲಿರುವ ಅವರ ಸಮಾಧಿಯ ಪ್ರತಿಮೆಯನ್ನು 1928ರಲ್ಲಿ ಅಧ್ಯಕ್ಷ ಕೂಲಿಜ್ ಬಂದು ಅನಾವರಣ ಮಾಡಿದರು. ಈ ಎಲ್ಲದರಲ್ಲೂ ಮುಂದಿದ್ದದ್ದು ಆ ಹದಿನೈದು ನಿಮಿಷವೇ.

ಆದರೆ ಉಳಿದವರು ತಾವಾಗಿ ಸೇರುತ್ತಿದ್ದ ದಿನ ಬೇರೆ. ಸ್ಟಿಲ್‌ವಾಟರ್‌ನ ಬಿ ಕಂಪನಿಯಲ್ಲಿ ಬದುಕಿದ್ದ 34 ಜನ 1880ರ ದಶಕದಲ್ಲಿ "ಕೊನೆಯವನ ಸಂಘ" ಎಂಬುದನ್ನು ಕಟ್ಟಿಕೊಂಡು, ಊರಿನ ಹೋಟೆಲೊಂದರಲ್ಲಿ ವರ್ಷಕ್ಕೊಮ್ಮೆ ಊಟಕ್ಕೆ ಸೇರುತ್ತಿದ್ದರು. ಅವರು ಆರಿಸಿಕೊಂಡ ದಿನ ಜುಲೈ 21, ಬುಲ್ ರನ್‌ನ ದಿನ. ಕೆಂಪಂಗಿ ತೊಟ್ಟು, ಎದುರಿಗಿದ್ದವರು ಯಾರೆಂದು ತಿಳಿಯದೆ ನಿಂತು, ಸೋತು ಬಂದ ದಿನ. ಸತ್ತವರ ಕುರ್ಚಿಗಳಿಗೆ ಕಪ್ಪು ಬಟ್ಟೆ ಹೊದಿಸುತ್ತಿದ್ದರು. ಮೇಜಿನ ಮೇಲೆ ಒಂದು ಶೀಸೆ ಬರ್ಗಂಡಿ ದ್ರಾಕ್ಷಾರಸವನ್ನು ಬಿರಡೆ ತೆಗೆಯದೆ ಇಟ್ಟಿರುತ್ತಿದ್ದರು. ಕೊನೆಗೆ ಉಳಿದ ಒಬ್ಬನು ಅದನ್ನು ತೆರೆದು ಎಲ್ಲರ ಹೆಸರಿನಲ್ಲಿ ಕುಡಿಯಬೇಕೆಂಬುದು ಕರಾರು. ವರ್ಷ ಕಳೆದಂತೆ ಕಪ್ಪು ಕುರ್ಚಿಗಳೇ ಹೆಚ್ಚಾದವು. 1930ರಲ್ಲಿ ಚಾರ್ಲ್ಸ್ ಲಾಕ್‌ವುಡ್ ಒಬ್ಬರೇ ಉಳಿದು, ಆ ಶೀಸೆಯನ್ನು ತೆರೆದು ಬಾಯಿಗಿಟ್ಟರು. ನಲವತ್ತು ವರ್ಷ ದಾಟಿದ್ದ ದ್ರಾಕ್ಷಾರಸ ಹುಳಿತುಹೋಗಿತ್ತು.